ದುಡ್ಡು ಕೊಟ್ಟವನಿಗೆ ಬೀಗದ ಕೈ ಯಾಕಿಲ್ಲ?

ಬಾವಿ ಮಾರಿದವನ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಒಬ್ಬ ರೈತ ದುಡ್ಡು ಎಣಿಸಿ ಕೊಟ್ಟು ಬಾವಿ ಕೊಂಡ. ಮಾರನೇ ದಿನ ಕೊಡ ಹಿಡಿದು ಹೋದರೆ ಮಾರಿದವನು ಅಡ್ಡ ನಿಂತ. "ನಾನು ಮಾರಿದ್ದು ಬಾವಿಯನ್ನ, ನೀರನ್ನಲ್ಲ" ಅಂದ. ಕಥೆಯಲ್ಲಿ ಬೀರಬಲ್ಲನೋ ತೆನಾಲಿ ರಾಮನೋ ಬಂದು, "ಹಾಗಾದರೆ ನಿನ್ನ ನೀರನ್ನು ಇವನ ಬಾವಿಯಲ್ಲಿ ಇಟ್ಟಿದ್ದಕ್ಕೆ ಬಾಡಿಗೆ ಕಟ್ಟು" ಎಂದು ತೀರ್ಪು ಕೊಡುತ್ತಾನೆ. ನಾವು ನಕ್ಕು ಮಲಗುತ್ತೇವೆ.

ಇವತ್ತು ಅದೇ ಮಾತನ್ನು ದೊಡ್ಡ ದೊಡ್ಡ ಕಂಪನಿಗಳು ಹೇಳುತ್ತಿವೆ. ಯಂತ್ರ ನಿನ್ನದು, ಒಳಗಿನ ತಂತ್ರಾಂಶ ನಮ್ಮದು. ಡಬ್ಬಿ ನಿನ್ನದು, ಬೀಗದ ಕೈ ನಮ್ಮದು. ಈಗ ಯಾರೂ ನಗುತ್ತಿಲ್ಲ. "ಐ ಅಗ್ರೀ" ಅಂತ ಒತ್ತಿ ಮುಂದೆ ಹೋಗುತ್ತಿದ್ದೇವೆ.

ಈ ಬರಹ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರಗಳ ಬಗ್ಗೆ. ಈರುಳ್ಳಿ ದರ ಬಿದ್ದಿದೆ, ಭದ್ರಾ ಮೇಲ್ದಂಡೆ ಇನ್ನೂ ಮುಗಿದಿಲ್ಲ, ಇವನು ಆಟದ ಸಾಮಾನಿನ ಬಗ್ಗೆ ಬರೀತಾನಲ್ಲ ಅಂತ ಬೈಯುವವರು ಬೈಯಿರಿ. ಆದರೆ ಪೂರ್ತಿ ಓದಿ ಬೈಯಿರಿ. ಯಾಕಂದರೆ ಆಟದ ಸಾಮಾನಿಗೆ ಹಾಕಿದ ಬೀಗವೇ ಇವತ್ತು ನಿಮ್ಮ ಕೈಲಿರುವ ಫೋನಿನಲ್ಲಿದೆ, ನಾಳೆ ನಿಮ್ಮ ಟ್ರ್ಯಾಕ್ಟರಿಗೆ ಬರುತ್ತದೆ.

ಯಂತ್ರ ಯಾವುದು, ಬೀಗ ಯಾವುದು

ಸೋನಿ ಕಂಪನಿಯ ಪಿಎಸ್‌ಪಿ 2004ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾಯಿತು. 2014ರ ಹೊತ್ತಿಗೆ ಮಾರಾಟ ನಿಂತಿತು. ಅದರ ತಮ್ಮ ವೀಟಾ 2011ರಲ್ಲಿ ಬಂತು, 2019ರಲ್ಲಿ ನಿಂತಿತು. ಇವು ಹೊಸದಾಗಿದ್ದಾಗ ನಮ್ಮ ತಾಲೂಕುಗಳ ಮಕ್ಕಳ ಕೈಗೆ ಎಟುಕುವ ಬೆಲೆಯಲ್ಲಿ ಇರಲಿಲ್ಲ. ನಮ್ಮ ಕಡೆಗೆ ಬರುವುದು ಹಳೆಯದಾದ ಮೇಲೆ. ಬೆಂಗಳೂರಲ್ಲಿ ಕೆಲಸಕ್ಕಿರುವ ಚಿಕ್ಕಪ್ಪನೋ ಸೋದರಮಾವನೋ ತನ್ನ ಹಳೇದನ್ನು ಕೊಡುತ್ತಾನೆ. ಇಲ್ಲವೇ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಹೊಸದುರ್ಗಕ್ಕೋ ಹೊಳಲ್ಕೆರೆಗೋ ತಲುಪುವ ಹೊತ್ತಿಗೆ ಬ್ಯಾಟರಿ ಉಬ್ಬಿರುತ್ತದೆ, ಡಿಸ್ಕ್ ಓದುವ ಲೆನ್ಸ್ ಸುಸ್ತಾಗಿರುತ್ತದೆ, ಜೊತೆಗೆ ಬಂದ ಡಿಸ್ಕ್‌ಗಳಲ್ಲಿ ಗೀರು ಬಿದ್ದಿರುತ್ತದೆ.

ಇಲ್ಲಿಂದಲೇ ಬೀಗದ ಕಥೆ ಶುರು. ಯಂತ್ರದೊಳಗೆ ಕಂಪನಿ ಬರೆದು ಕೂರಿಸಿದ ಮೂಲ ತಂತ್ರಾಂಶ ಇರುತ್ತದೆ. ಅದಕ್ಕೆ ಫರ್ಮ್‌ವೇರ್ ಅನ್ನುತ್ತಾರೆ. ಕಂಪನಿಯ ಮೊಹರು ಇರುವ ಆಟವನ್ನು ಮಾತ್ರ ಅದು ಓಡಿಸುತ್ತದೆ. ನೀವೇ ಒಂದು ಪುಟ್ಟ ಆಟ ಬರೆದು ಹಾಕಿದರೂ ಮೊಹರಿಲ್ಲ ಅಂತ ಹೊರಗೆ ತಳ್ಳುತ್ತದೆ. ನಿಮ್ಮದೇ ದುಡ್ಡಿನ ಡಿಸ್ಕಿನಲ್ಲಿರುವ ಆಟವನ್ನು ಮೆಮೊರಿ ಕಾರ್ಡಿಗೆ ಹಾಕಿಕೊಂಡರೂ ಓಡಿಸುವುದಿಲ್ಲ. ಲೆನ್ಸ್ ಕೆಟ್ಟರೆ ಡಿಸ್ಕೂ ವ್ಯರ್ಥ, ಯಂತ್ರವೂ ವ್ಯರ್ಥ.

ಈ ಮೂಲ ತಂತ್ರಾಂಶವನ್ನೇ ತಿದ್ದಿ, ಮೊಹರಿನ ಕಾವಲನ್ನು ಸಡಿಲಿಸಿ ಮತ್ತೆ ಕೂರಿಸಿದರೆ ಅದು ಕಸ್ಟಮ್ ಫರ್ಮ್‌ವೇರ್. ಅದನ್ನು ಕೂರಿಸಬೇಕಾದರೆ ಮೊದಲು ಒಳಗೆ ನುಗ್ಗಬೇಕು. ನುಗ್ಗಲು ಗೋಡೆಯಲ್ಲೊಂದು ಸಂದು ಬೇಕು. ಆ ಸಂದಿಗೆ ಇಂಗ್ಲಿಷಿನಲ್ಲಿ ಎಕ್ಸ್‌ಪ್ಲಾಯ್ಟ್ ಅನ್ನುತ್ತಾರೆ. ದುರ್ಗದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಭಾಷೆಯಲ್ಲಿ ಅದು ಕಿಂಡಿ.

ಕಿಂಡಿ ಹುಡುಕಿದವರ ಕಥೆ

ಪಿಎಸ್‌ಪಿಯ ಜಪಾನಿನ ಮೊದಲ ಫರ್ಮ್‌ವೇರ್ 1.00ರಲ್ಲಿ ಮೊಹರು ನೋಡುವ ಕಾವಲೇ ಇರಲಿಲ್ಲ. 2005ರಲ್ಲಿ ಅದು ಜನಕ್ಕೆ ಗೊತ್ತಾಯಿತು. ಅಷ್ಟರಲ್ಲಿ ಕಂಪನಿ 1.50ಕ್ಕೆ ಏರಿಸಿತ್ತು. ಅದೇ ವರ್ಷ ಅದರಲ್ಲೂ ಕಿಂಡಿ ಸಿಕ್ಕಿತು. ಕಂಪನಿ 2.00 ತಂದಿತು. ಈ ಸಲ ಕಿಂಡಿ ಒಂದು ಫೋಟೊದಲ್ಲಿತ್ತು! ಟಿಫ್ ಅನ್ನುವ ಬಗೆಯ ಚಿತ್ರವನ್ನು ಬೇಕೆಂತಲೇ ಅಂಕುಡೊಂಕಾಗಿ ಮಾಡಿ ತೆರೆದರೆ, ಅದನ್ನು ಓದಲು ಹೋದ ಯಂತ್ರ ತಡವರಿಸಿ, ಚಿತ್ರದೊಳಗೆ ಅಡಗಿಸಿದ್ದ ಸೂಚನೆಗಳನ್ನೇ ಪಾಲಿಸಿಬಿಡುತ್ತಿತ್ತು. ಅದಾದ ಮೇಲೆ ಒಂದು ಜನಪ್ರಿಯ ಆಟದ ಸೇವ್ ಫೈಲಿನಲ್ಲಿ ಕಿಂಡಿ ಸಿಕ್ಕಿತು. ಪ್ರತಿ ಸಲ ಕಂಪನಿ ಮುಚ್ಚುವುದು, ಪ್ರತಿ ಸಲ ಇನ್ನೆಲ್ಲೋ ತೆರೆದುಕೊಳ್ಳುವುದು. ಹೊಸ ಆಟದ ಡಿಸ್ಕ್ ಹಾಕಿದರೆ, "ಮೊದಲು ಅಪ್‌ಡೇಟ್ ಮಾಡು, ಆಮೇಲೆ ಆಟ" ಅಂತ ಯಂತ್ರ ಹಟ ಹಿಡಿಯುತ್ತಿತ್ತು. ಆ ಅಪ್‌ಡೇಟಿನೊಳಗೆ ಹೊಸ ಬೀಗ ಇರುತ್ತಿತ್ತು.

2006ರಿಂದ ಡಾರ್ಕ್ ಅಲೆಕ್ಸ್ ಅನ್ನುವ ಅಡ್ಡಹೆಸರಿನ ಸ್ಪೇನ್ ದೇಶದ ಒಬ್ಬಾತ ಕಸ್ಟಮ್ ಫರ್ಮ್‌ವೇರ್ ಮಾಡಿ ಪುಕ್ಕಟೆ ಹಂಚಿದ. 2007ರಲ್ಲಿ ಬಂದದ್ದು ಪಂಡೋರಾ ಬ್ಯಾಟರಿ. ಅದರ ಯುಕ್ತಿ ಕೇಳಿದರೆ ನಮ್ಮ ಮೋಟಾರ್ ವೈಂಡಿಂಗ್ ಅಂಗಡಿಯ ಮೇಸ್ತ್ರಿಗಳು ತಲೆದೂಗುತ್ತಾರೆ. ಪಿಎಸ್‌ಪಿಯ ಬ್ಯಾಟರಿಯೊಳಗೆ ಒಂದು ಪುಟ್ಟ ಚಿಪ್, ಅದರಲ್ಲಿ ಒಂದು ಕ್ರಮಸಂಖ್ಯೆ. ಆ ಸಂಖ್ಯೆಯನ್ನು ಒಂದು ನಿರ್ದಿಷ್ಟ ಬೆಲೆಗೆ ಬದಲಿಸಿದರೆ, "ಇದು ನಮ್ಮ ಸರ್ವಿಸ್ ಸೆಂಟರಿನ ಬ್ಯಾಟರಿ" ಅಂತ ಯಂತ್ರ ನಂಬಿ, ಮೆಮೊರಿ ಕಾರ್ಡಿನಲ್ಲಿ ಏನಿದೆಯೋ ಅದರಿಂದಲೇ ಎದ್ದು ಕೂರುತ್ತಿತ್ತು. ಕೆಟ್ಟು ಸತ್ತಂತೆ ಬಿದ್ದಿದ್ದ ಯಂತ್ರಗಳಿಗೂ ಇದರಿಂದ ಜೀವ ಬಂತು.

ಇದನ್ನು ಎರಡು ಸಲ ಓದಿ. ಯಂತ್ರವನ್ನು ಬದುಕಿಸುವ ಬಾಗಿಲು ಮೊದಲಿಂದಲೂ ಇತ್ತು. ಕಂಪನಿ ಅದನ್ನು ತನ್ನ ಸರ್ವಿಸ್ ಸೆಂಟರಿಗೆ ಅಂತ ಇಟ್ಟುಕೊಂಡಿತ್ತು. ದುಡ್ಡು ಕೊಟ್ಟವನಿಗೆ ಅದರ ಸುಳಿವೂ ಕೊಟ್ಟಿರಲಿಲ್ಲ. ಕಿಂಡಿ ಹುಡುಕಿದವರು ಮಾಡಿದ್ದು ಇಷ್ಟೇ: ಆ ಬಾಗಿಲನ್ನು ಯಜಮಾನನಿಗೆ ತೋರಿಸಿದರು.

ವೀಟಾದ್ದು ಇನ್ನೂ ಚಂದ. ಅದಕ್ಕೆ ಸೋನಿಯದ್ದೇ ಮೆಮೊರಿ ಕಾರ್ಡ್ ಹಾಕಬೇಕಿತ್ತು. 32 ಜಿಬಿ ಕಾರ್ಡಿಗೆ ಅಮೆರಿಕದಲ್ಲಿ ಸುಮಾರು 100 ಡಾಲರ್. ನಮ್ಮ ಫೋನುಗಳಿಗೆ ಹಾಕುವ ಮೈಕ್ರೊ ಎಸ್‌ಡಿ ಅದರಲ್ಲಿ ನಡೆಯುತ್ತಿರಲಿಲ್ಲ. 2016ರ ಜುಲೈನಲ್ಲಿ ಮಾಲಿಕ್ಯೂಲ್ ಅನ್ನುವ ತಂಡ ಹೆನ್‌ಕಾಕು ಎಂಬ ಕಿಂಡಿಯನ್ನು ಬಿಡುಗಡೆ ಮಾಡಿತು. ವೀಟಾದ ಬ್ರೌಸರ್‌ನಲ್ಲಿ ಒಂದು ಪುಟ ತೆರೆದರೆ ಸಾಕಿತ್ತು. ಆಮೇಲೆ ಆಟದ ಕಾರ್ಡ್ ಹಾಕುವ ಜಾಗಕ್ಕೆ ಒಂದು ಚಿಕ್ಕ ಅಡಾಪ್ಟರ್ ಬಂತು, ಅದರೊಳಗೆ ಮೈಕ್ರೊ ಎಸ್‌ಡಿ ಕೂತಿತು. ಹಾಗಾದರೆ ಯಂತ್ರಕ್ಕೆ ಮೈಕ್ರೊ ಎಸ್‌ಡಿ ಓದುವ ಶಕ್ತಿ ಇರಲಿಲ್ಲ ಅಂತಲ್ಲ. ಓದಕೂಡದು ಅಂತ ಬೀಗ ಹಾಕಿದ್ದರು. ಆ ಬೀಗದಿಂದ ಯಾರ ಕಲಾಕೃತಿಯೂ ಉಳಿಯಲಿಲ್ಲ. ಉಳಿದದ್ದು ದುಬಾರಿ ಕಾರ್ಡಿನ ವ್ಯಾಪಾರ.

"ಹೈದರಾಲಿಯ ಸೈನಿಕರೂ ಕಿಂಡಿಯಲ್ಲೇ ಬಂದಿದ್ದಲ್ಲವೇ?"

ದುರ್ಗದಲ್ಲಿ ಈ ಮಾತು ಆಡಿದರೆ ಈ ಪ್ರಶ್ನೆ ಬಂದೇ ಬರುತ್ತದೆ. ಕಿಂಡಿಯಲ್ಲಿ ನುಗ್ಗುವವನು ಶತ್ರು, ಒನಕೆ ಹಿಡಿದು ನಿಂತವಳು ಓಬವ್ವ. ಹಾಗಿದ್ದ ಮೇಲೆ ಕಿಂಡಿ ಹುಡುಕುವವರನ್ನು ಹೊಗಳುವುದೇ?

ಸ್ವಲ್ಪ ನಿಧಾನ. ಓಬವ್ವ ಕಾದದ್ದು ತನ್ನ ಕೋಟೆಯನ್ನು. ಒಳಗಿದ್ದವರು ಅವಳ ಜನ. ಇಲ್ಲಿ ಕೋಟೆ ಯಾರದು? ರಶೀದಿ ಯಾರ ಹೆಸರಲ್ಲಿದೆ? ದುಡ್ಡು ಕೊಟ್ಟ ಯಜಮಾನ ಕೋಟೆಯ ಹೊರಗೆ ನಿಂತಿದ್ದಾನೆ. ಮಾರಿ ದುಡ್ಡು ಎಣಿಸಿಕೊಂಡವನು ಒಳಗೆ ಕೂತು ಒನಕೆ ಬೀಸುತ್ತಿದ್ದಾನೆ. ತನ್ನ ಮನೆಗೆ ತಾನೇ ಹಿತ್ತಲ ಬಾಗಿಲಿಂದ ಹೋಗುವವನಿಗೆ ಕಳ್ಳ ಅನ್ನುವ ಹೆಸರು ಇಟ್ಟವರು ಯಾರು ಅಂತ ಕೇಳಬೇಕು.

ಅವರ ಒನಕೆ ಎಂಥದ್ದು ಅನ್ನೋದಕ್ಕೆ ಮೂರು ಉದಾಹರಣೆ ಸಾಕು.

ಒಂದು. ಸೋನಿಯ ಪಿಎಸ್3 ಯಂತ್ರದಲ್ಲಿ ಲಿನಕ್ಸ್ ಹಾಕಿಕೊಳ್ಳುವ ಸೌಲಭ್ಯ ಇತ್ತು. ಅದನ್ನು ನೋಡಿಯೇ ಎಷ್ಟೋ ಜನ ಕೊಂಡಿದ್ದರು. 2010ರ ಏಪ್ರಿಲ್ 1ರಂದು 3.21 ಅಪ್‌ಡೇಟ್ ಬಂದು ಆ ಸೌಲಭ್ಯ ಮಾಯವಾಯಿತು. ಅಪ್‌ಡೇಟ್ ಬೇಡ ಅಂದವರಿಗೆ ಆನ್‌ಲೈನ್ ಆಟ ಬಂದ್. ಅಮೆರಿಕದಲ್ಲಿ ಗ್ರಾಹಕರು ಕೇಸು ಹಾಕಿದರು. ವರ್ಷಗಟ್ಟಲೆ ನಡೆದು ಕಂಪನಿ ರಾಜಿಗೆ ಬಂತು. ಮಾರಿದ ಮೇಲೆ ಮನೆಗೆ ನುಗ್ಗಿ ಒಂದು ಕೋಣೆ ಕಿತ್ತುಕೊಂಡು ಹೋದಂತಾಯಿತು. ಇದಕ್ಕೆ ಯಾರೂ ಕಳ್ಳತನ ಅನ್ನಲಿಲ್ಲ, ಅಪ್‌ಡೇಟ್ ಅಂದರು.

ಎರಡು. 2021ರ ಜುಲೈನಲ್ಲಿ ಪಿಎಸ್‌ಪಿಯ ಆನ್‌ಲೈನ್ ಅಂಗಡಿಯಲ್ಲಿ ಹೊಸ ಖರೀದಿ ನಿಲ್ಲಿಸಿದರು. ವೀಟಾ ಮತ್ತು ಪಿಎಸ್3 ಅಂಗಡಿಗಳನ್ನೂ ಮುಚ್ಚುವುದಾಗಿ ಹೇಳಿ, ಜನ ಗಲಾಟೆ ಮಾಡಿದ ಮೇಲೆ ಹಿಂದೆ ಸರಿದರು. ನಿಂಟೆಂಡೊ ಕಂಪನಿ ತನ್ನ 3ಡಿಎಸ್ ಅಂಗಡಿಯನ್ನು 2023ರ ಮಾರ್ಚ್ 27ರಂದು ಮುಚ್ಚಿತು, ಆನ್‌ಲೈನ್ ಆಟವನ್ನು 2024ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಅಂಗಡಿ ಮುಚ್ಚುವುದು ಅವರಿಷ್ಟ, ಮುಚ್ಚಲಿ. ಆದರೆ ಅಂಗಡಿ ಮುಚ್ಚಿ ಹೋಗುವವನು ಬೀಗದ ಕೈಯನ್ನೂ ಜೇಬಲ್ಲಿ ಹಾಕಿಕೊಂಡು ಹೋದರೆ? ಸಂತೆಯಲ್ಲಿ ಎತ್ತು ಮಾರಿದವನು ಮೂಗುದಾರ ತನ್ನ ಕೈಲೇ ಇಟ್ಟುಕೊಂಡು ಮನೆಗೆ ಹೋದಂತೆ.

ಮೂರು. 2025ರ ಮೇ ತಿಂಗಳಲ್ಲಿ ನಿಂಟೆಂಡೊ ಅಮೆರಿಕದ ತನ್ನ ಗ್ರಾಹಕರ ಒಪ್ಪಂದ ಬದಲಿಸಿತು. ತನ್ನ ನಿಯಮ ಮೀರಿ ಯಂತ್ರವನ್ನು ತಿದ್ದಿದರೆ, ಆ ಯಂತ್ರವನ್ನೇ ಶಾಶ್ವತವಾಗಿ ನಿರುಪಯೋಗಿ ಮಾಡಬಹುದು ಅಂತ ಬರೆದುಕೊಂಡಿತು. ನ್ಯಾಯಾಲಯ ಇಲ್ಲ, ನೋಟಿಸ್ ಇಲ್ಲ, ವಾದ ಇಲ್ಲ. ಆರೋಪ ಮಾಡುವವರೂ ಅವರೇ, ತೀರ್ಪು ಕೊಡುವವರೂ ಅವರೇ, ಗಲ್ಲಿಗೆ ಹಾಕುವವರೂ ಅವರೇ.

ಕನ್ನಡಕ್ಕೂ ಇದಕ್ಕೂ ಏನು ಸಂಬಂಧ?

ಸಂಬಂಧ ಇದೆ. ಪಿಎಸ್‌ಪಿಯ ಮೆನುವಿನಲ್ಲಿ ಜಪಾನಿ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಕೊರಿಯನ್, ಚೀನಿ ಎಲ್ಲ ಇದ್ದವು. ಕನ್ನಡ ಬಿಡಿ, ಭಾರತದ ಒಂದು ಭಾಷೆಯೂ ಇರಲಿಲ್ಲ. ಕಂಪನಿ ಕೊಡಲಿಲ್ಲ, ಬೀಗ ಇದ್ದದ್ದರಿಂದ ನಾವೇ ಹಾಕಿಕೊಳ್ಳುವಂತೆಯೂ ಇರಲಿಲ್ಲ.

ಫೋನಿನದ್ದೂ ಇದೇ ಕಥೆ. 2010, 2011ರ ಸುಮಾರಿಗೆ ಆಂಡ್ರಾಯ್ಡ್ ಫೋನು ಕೊಂಡವರಿಗೆ ನೆನಪಿರಬೇಕು. ಕನ್ನಡ ಪತ್ರಿಕೆಯ ಪುಟ ತೆರೆದರೆ ಬರೀ ಡಬ್ಬಿ ಡಬ್ಬಿ. ಒಪೆರಾ ಮಿನಿಯ ಒಳಗಿನ ಒಂದು ಗುಪ್ತ ಸೆಟ್ಟಿಂಗ್ ಬದಲಿಸಿ, ಅಕ್ಷರಗಳನ್ನು ಚಿತ್ರದಂತೆ ತರಿಸಿಕೊಂಡು ಓದಿದ್ದು ಒಂದು ತಲೆಮಾರು. ಇನ್ನು ಕೆಲವರು ಫೋನನ್ನು ರೂಟ್ ಮಾಡಿ, ಅಂದರೆ ಕಂಪನಿಯ ಬೀಗ ತೆಗೆದು, ತಾವೇ ಫಾಂಟ್ ಕೂರಿಸಿಕೊಂಡರು. ಒತ್ತಕ್ಷರ ಒಡೆದು ಅಕ್ಕಪಕ್ಕ ಬೀಳುತ್ತಿತ್ತು, ಆದರೂ ಡಬ್ಬಿಗಿಂತ ವಾಸಿ. ಕಂಪನಿಯ ಕಡೆಯಿಂದ ಕನ್ನಡ ಬಂದದ್ದು 2012ರಲ್ಲಿ, ಆಂಡ್ರಾಯ್ಡ್ 4.1ರಲ್ಲಿ. ಅಲ್ಲಿಯವರೆಗೆ ತನ್ನ ಫೋನಿನಲ್ಲಿ ತನ್ನ ಭಾಷೆ ಓದಬೇಕು ಅಂದವನು ವಾರಂಟಿ ಕಳೆದುಕೊಳ್ಳಬೇಕಿತ್ತು.

ಹಾಗಾಗಿ, "ಬೀಗ ತೆಗೆಯುವವರೆಲ್ಲ ಪುಕ್ಕಟೆ ಆಟದ ಆಸೆಗೆ ತೆಗೆಯುತ್ತಾರೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೆಲವರು ಕನ್ನಡ ಓದಲು ತೆಗೆದರು. ಕೆಲವರು ಕೆಟ್ಟ ಲೆನ್ಸಿನ ಯಂತ್ರ ಉಳಿಸಲು ತೆಗೆದರು. ಕೆಲವರು ತಾವೇ ಆಟ ಬರೆದು ಓಡಿಸಿ ನೋಡಲು ತೆಗೆದರು.

ಇನ್ನೊಂದು ಸಂಗತಿ. ಹೈದರಾಬಾದಿನ ಗೇಮ್‌ಶಾಸ್ತ್ರ ಕಂಪನಿ ಪಿಎಸ್‌ಪಿಗೂ ಪಿಎಸ್2ಗೂ ‘ದೇಸಿ ಅಡ್ಡಾ’ ಎಂಬ ಆಟ ಮಾಡಿತ್ತು. ಕಬಡ್ಡಿ, ಗಾಳಿಪಟ, ಚಿನ್ನಿದಾಂಡಿನಂಥ ನಮ್ಮ ಬೀದಿಯ ಆಟಗಳನ್ನೇ ಇಟ್ಟುಕೊಂಡು ಮಾಡಿದ್ದು. ಆ ಡಿಸ್ಕುಗಳು ಈಗ ತಯಾರಾಗುವುದಿಲ್ಲ, ಅದನ್ನು ಓದುವ ಯಂತ್ರಗಳೂ ತಯಾರಾಗುವುದಿಲ್ಲ. ಡಿಸ್ಕ್ ಇದ್ದವನು ಅದನ್ನು ಕಾರ್ಡಿಗೆ ಇಳಿಸಿ ಇಟ್ಟುಕೊಳ್ಳದಿದ್ದರೆ ನಮ್ಮ ದೇಶದ ಗೇಮ್ ಚರಿತ್ರೆಯ ಒಂದು ತುಂಡು ಗೀರು ಬಿದ್ದು ಹೋಗುತ್ತದೆ. ತಾಳೆಗರಿ ನಕಲು ಮಾಡಿದವರನ್ನು ನಾವು ಕಳ್ಳರು ಅನ್ನಲಿಲ್ಲ.

ಕಾನೂನು ಏನನ್ನುತ್ತದೆ

ನಾನು ವಕೀಲನಲ್ಲ. ಆದರೆ ಕಾಯ್ದೆ ಯಾರು ಬೇಕಾದರೂ ಓದಬಹುದು. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಮಾಡಿ 65ಎ ಕಲಂ ಸೇರಿಸಿದರು. ಹಕ್ಕುಸ್ವಾಮ್ಯ ಕಾಯುವ ಬೀಗವನ್ನು, ಆ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ.

‘ಉದ್ದೇಶದಿಂದ’ ಅನ್ನುವ ಪದದ ಮೇಲೆ ಬೆರಳಿಡಿ. ಇಡೀ ಕಲಂ ನಿಂತಿರುವುದು ಅದರ ಮೇಲೆ. ಅದೇ ಕಲಂ ಮುಂದುವರಿದು, ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕೆ ಮಾಡಿದರೆ ಅಡ್ಡಿಯಿಲ್ಲ ಎನ್ನುತ್ತದೆ. ಇನ್ನು 52ನೇ ಕಲಂ ಓದಿ. ಕಾನೂನುಬದ್ಧವಾಗಿ ಪಡೆದ ತಂತ್ರಾಂಶ ಹಾಳಾಗದಂತೆ ಬ್ಯಾಕಪ್ ಪ್ರತಿ ಮಾಡಿಕೊಳ್ಳುವುದು, ವ್ಯಾಪಾರಕ್ಕಲ್ಲದೆ ಸ್ವಂತ ಬಳಕೆಗೆ ಪ್ರತಿ ಮಾಡಿಕೊಳ್ಳುವುದು, ಒಂದು ತಂತ್ರಾಂಶ ಇನ್ನೊಂದರ ಜೊತೆ ಹೊಂದಿ ಕೆಲಸ ಮಾಡಲು ಬೇಕಾದ ಮಾಹಿತಿ ತೆಗೆಯುವುದು, ಇವು ಉಲ್ಲಂಘನೆ ಅಲ್ಲ ಅಂತ ಅಲ್ಲಿದೆ.

ಅಮೆರಿಕದಲ್ಲಿ ಹೀಗಿಲ್ಲ. ಅಲ್ಲಿ ಬೀಗ ತೆಗೆಯುವುದೇ ಒಂದು ತಪ್ಪು. ವಿನಾಯಿತಿ ಬೇಕಾದರೆ ಮೂರು ವರ್ಷಕ್ಕೊಮ್ಮೆ ಅರ್ಜಿ ಹಿಡಿದು ನಿಲ್ಲಬೇಕು. ಫೋನಿಗೆ 2010ರಲ್ಲಿ ವಿನಾಯಿತಿ ಸಿಕ್ಕಿತು. ಗೇಮ್ ಯಂತ್ರಕ್ಕೆ 2021ರಲ್ಲಿ ಸಿಕ್ಕಿದ್ದು ಡಿಸ್ಕ್ ಡ್ರೈವ್ ರಿಪೇರಿಗೆ ಮಾತ್ರ. ಪಿಎಸ್3ರ ಬೀಗ ತೆಗೆದ ಜಾರ್ಜ್ ಹಾಟ್ಸ್ ಎಂಬ ಯುವಕನ ಮೇಲೆ 2011ರ ಜನವರಿಯಲ್ಲಿ ಸೋನಿ ಕೇಸು ಹಾಕಿದ್ದು ಆ ನೆಲದಲ್ಲಿ. ನಮ್ಮ ಸಂಸತ್ತು ಆ ಹಾದಿ ಹಿಡಿಯಲಿಲ್ಲ. ಉದ್ದೇಶ ನೋಡು ಅಂದಿತು. ಇದು ನಮ್ಮ ಕಾಯ್ದೆಯ ಒಳ್ಳೆಯ ಗುಣ, ನಮ್ಮಲ್ಲಿ ಯಾರಿಗೂ ಗೊತ್ತಿಲ್ಲದ ಗುಣ.

ಅಂಗಡಿಯವರಿಗೆ ಒಂದು ಮಾತು. ಗಾಂಧಿ ಸರ್ಕಲ್ಲಿನಲ್ಲಿರಲಿ, ಹಿರಿಯೂರು ಬಸ್ ಸ್ಟ್ಯಾಂಡ್ ಪಕ್ಕದಲ್ಲಿರಲಿ, ರಿಪೇರಿ ಮಾಡುವವರು ಕೇಳಿಸಿಕೊಳ್ಳಿ. ಕಾನೂನು ಒಪ್ಪುವ ಉದ್ದೇಶಕ್ಕೆ ಇನ್ನೊಬ್ಬರ ಯಂತ್ರದ ಬೀಗ ತೆಗೆಯಲು ನೆರವಾಗುವವರು, ಆ ಗಿರಾಕಿಯ ಹೆಸರು, ವಿಳಾಸ, ಗುರುತು, ಯಾವ ಉದ್ದೇಶಕ್ಕೆ ಅನ್ನುವುದನ್ನು ಪೂರ್ತಿ ಬರೆದಿಡಬೇಕು ಅಂತ 65ಎ ಹೇಳುತ್ತದೆ. ಒಂದು ನೋಟ್‌ಬುಕ್ಕಿನ ಖರ್ಚು. ‘ಲೆನ್ಸ್ ಕೆಟ್ಟಿದೆ, ಸ್ವಂತ ಡಿಸ್ಕಿನ ಪ್ರತಿ ಓಡಿಸಲು’ ಅಂತ ಬರೆದು ಸಹಿ ಹಾಕಿಸಿಕೊಳ್ಳಿ. ನಾಳೆ ಯಾರಾದರೂ ಬಂದು ಹೆದರಿಸಿದರೆ ಆ ಪುಸ್ತಕವೇ ನಿಮ್ಮ ಗುರಾಣಿ.

ಇನ್ನು ಕಳ್ಳರ ವಿಚಾರ

ಕಂಪನಿಗಳಿಗೆ ಬೈದದ್ದಾಯಿತು. ಈಗ ನಮ್ಮ ಕಡೆಯವರಿಗೆ.

‘ಸಾವಿರ ಗೇಮ್ ತುಂಬಿಕೊಡಲಾಗುತ್ತದೆ’ ಅನ್ನುವ ಬೋರ್ಡ್ ನೋಡಿದರೆ ನನಗೆ ಕಂಪನಿಗಳ ಮೇಲಿನದಷ್ಟೇ ಸಿಟ್ಟು ಬರುತ್ತದೆ. ಅದು ಬೀಗ ತೆಗೆಯುವ ಹಕ್ಕಲ್ಲ, ಇನ್ನೊಬ್ಬನ ತೋಟದ ಅಡಿಕೆ ಕೊಯ್ದು ಮಾರುವುದು. ಆಟ ಬರೆಯುವವರೂ ಕೂಲಿಯವರೇ. ಹಗಲು ರಾತ್ರಿ ಕೂತು ಬರೆದದ್ದನ್ನು ತುಂಬಿಕೊಡಲು ನಿಮಗೆ ಯಾರು ಅಧಿಕಾರ ಕೊಟ್ಟರು? ಪಿಎಸ್‌ಪಿಯ ಆಟಗಳನ್ನು ಜಗತ್ತಿನಾದ್ಯಂತ ಕದ್ದರು ಅನ್ನುವುದು ಸುಳ್ಳಲ್ಲ. ಆ ಕಳ್ಳತನವೇ ಇವತ್ತು ಕಂಪನಿಗಳಿಗೆ ಸಿಕ್ಕಿರುವ ದೊಡ್ಡ ನೆಪ.

ಟೀಮ್ ಎಕ್ಸಿಕ್ಯೂಟರ್ ಅನ್ನುವ ಗುಂಪು ಇದನ್ನೇ ದಂಧೆ ಮಾಡಿಕೊಂಡು ನಿಂಟೆಂಡೊ ಯಂತ್ರಗಳಿಗೆ ಸಾಧನ ಮಾರಿತು. ಅದರ ಗ್ಯಾರಿ ಬೌಸರ್ ಎಂಬಾತನಿಗೆ 2022ರ ಫೆಬ್ರವರಿಯಲ್ಲಿ ಅಮೆರಿಕದ ಕೋರ್ಟು 40 ತಿಂಗಳ ಜೈಲು ವಿಧಿಸಿತು. ತಲೆಯ ಮೇಲೆ ಹೊರಿಸಿದ ಹಣ 1 ಕೋಟಿ ಡಾಲರಿಗೂ ಹೆಚ್ಚು. ಅಷ್ಟು ದೊಡ್ಡ ಹೊರೆ ನ್ಯಾಯವೇ ಅಂತ ಕೇಳಬಹುದು. ಆದರೆ ಮಾರಿದ್ದು ಕಳ್ಳಮಾಲಿನ ದಾರಿ ಅನ್ನುವುದರಲ್ಲಿ ಅನುಮಾನ ಬೇಡ. ಡಾರ್ಕ್ ಅಲೆಕ್ಸ್ ಪುಕ್ಕಟೆ ಹಂಚಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇದೆ.

ಮೋಸದ ಇನ್ನೊಂದು ಮುಖವೂ ಇದೆ. 2005ರಲ್ಲೇ, ಪಿಎಸ್‌ಪಿಯ ಬೀಗ ತೆಗೆಯುವ ಸಾಧನ ಅಂತ ಹೇಳಿಕೊಂಡು ಒಂದು ವೈರಸ್ ತಂತ್ರಾಂಶ ಹರಿದಾಡಿತು. ಹಾಕಿಕೊಂಡವರ ಯಂತ್ರದ ಮೂಲ ಫೈಲುಗಳನ್ನೇ ಅಳಿಸಿ, ಅದನ್ನು ಇಟ್ಟಿಗೆ ಮಾಡಿ ಕೂರಿಸುತ್ತಿತ್ತು. ಯಾರೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಫೈಲನ್ನು ಯಂತ್ರಕ್ಕೆ ಸುರಿಯುವ ಮೊದಲು ಇದು ನೆನಪಿರಲಿ. ಬೀಗ ತೆಗೆಯುವ ಹಕ್ಕು ನಿಮ್ಮದು, ಯಾರ ಕೈಗೆ ಕೊಟ್ಟು ತೆಗೆಸುತ್ತೀರಿ ಅನ್ನುವ ಎಚ್ಚರವೂ ನಿಮ್ಮದೇ.

ಆದರೆ ತಮಾಷೆ ನೋಡಿ. ಜಾತ್ರೆ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ‘400 ಗೇಮ್’ ಅಂತ ಬರೆದ ಪುಟ್ಟ ಚೀನಾ ಡಬ್ಬಿಗಳು ಕೆಲವೇ ನೂರು ರೂಪಾಯಿಗೆ ರಾಶಿ ಬಿದ್ದಿರುತ್ತವೆ. ಒಳಗಿರುವುದು ಬಹುಪಾಲು ಹಳೇ ನಿಂಟೆಂಡೊ ಆಟಗಳ ಕಳ್ಳ ಪ್ರತಿ. ರಾಜಾರೋಷವಾಗಿ ಮಾರುವ ಆ ಡಬ್ಬಿಯನ್ನು ಕೇಳುವವರಿಲ್ಲ. ತನ್ನದೇ ಪಿಎಸ್‌ಪಿಯಲ್ಲಿ ತನ್ನದೇ ಡಿಸ್ಕಿನ ಪ್ರತಿ ಓಡಿಸುವ ಹುಡುಗ ಮಾತ್ರ, "ಹ್ಯಾಕ್ ಮಾಡಿದೀಯಾ? ಪೊಲೀಸ್ ಬರ್ತಾರೆ" ಅನ್ನುವ ಮಾತು ಕೇಳಬೇಕು.

ಕುಡುಗೋಲಿನಿಂದ ಕೊಲೆಯೂ ಆಗಬಹುದು. ಅದಕ್ಕೆ ರಾಗಿ ಕೊಯ್ಯುವವನ ಕುಡುಗೋಲಿಗೆ ಬೀಗ ಹಾಕುವುದಿಲ್ಲ, ಕೊಲೆ ಮಾಡಿದವನನ್ನು ಹಿಡಿಯುತ್ತಾರೆ. ನ್ಯಾಯ ಇಷ್ಟೇ.

"ಕಿಂಡಿ ಹುಡುಕುವುದರಿಂದ ಎಲ್ಲರ ಸುರಕ್ಷತೆಗೆ ಧಕ್ಕೆ" ಅನ್ನುವವರೂ ಇದ್ದಾರೆ. ಅವರಿಗೆ ಸೋನಿಯೇ ಉತ್ತರ ಕೊಟ್ಟಾಗಿದೆ. 2020ರ ಜೂನ್‌ನಲ್ಲಿ ಅದೇ ಕಂಪನಿ, ತನ್ನ ಯಂತ್ರದಲ್ಲಿ ಕಿಂಡಿ ಹುಡುಕಿ ತಿಳಿಸಿದವರಿಗೆ ಬಹುಮಾನ ಪ್ರಕಟಿಸಿತು. ಪಿಎಸ್4ರ ಅತಿ ಗಂಭೀರ ದೋಷಕ್ಕೆ 50,000 ಡಾಲರಿನಿಂದ ಶುರು. ವೀಟಾದ ಕಿಂಡಿ ಹುಡುಕಿದ್ದ ಆ್ಯಂಡಿ ನುಯೆನ್ ಎಂಬಾತ ಆಮೇಲೆ ಸೋನಿಗೇ ದೋಷಗಳನ್ನು ವರದಿ ಮಾಡಿದ. ಕಿಂಡಿ ಎಲ್ಲಿದೆ ಅಂತ ಗೊತ್ತಿರುವವನೇ ಅದನ್ನು ಮುಚ್ಚಲೂ ಬಲ್ಲ. ಇದನ್ನು ದುರ್ಗದವರು ಇನ್ನೊಬ್ಬರಿಂದ ಕಲಿಯಬೇಕಾಗಿಲ್ಲ.

ಸತ್ತ ಮೇಲೆ ಲೆಕ್ಕ, ಬದುಕಿದ್ದಾಗ ಇಲ್ಲ

ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ‘ರಿಪೇರಿ ಹಕ್ಕಿ’ಗಾಗಿ ಒಂದು ಸಮಿತಿ ಮಾಡಿತು. ಗ್ರಾಹಕ ವ್ಯವಹಾರಗಳ ಇಲಾಖೆ ಅದೇ ಡಿಸೆಂಬರ್ 24ರ ಗ್ರಾಹಕ ದಿನದಂದು ಒಂದು ಜಾಲತಾಣವನ್ನೂ ತೆರೆಯಿತು. ಸಮಿತಿ ಗುರುತಿಸಿದ್ದು ನಾಲ್ಕು ವಲಯ: ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಮನೆಬಳಕೆಯ ವಸ್ತು, ವಾಹನ. ಒಳ್ಳೆಯ ಕೆಲಸ. ಆದರೆ ಗೇಮ್ ಯಂತ್ರದ ಹೆಸರಿಲ್ಲ.

ಅದೇ 2022ರಲ್ಲಿ ಇ-ತ್ಯಾಜ್ಯ ನಿಯಮ ಬಂತು. ಅದರ ಪಟ್ಟಿಯಲ್ಲಿ ಕೈಯಲ್ಲಿ ಹಿಡಿಯುವ ವಿಡಿಯೊ ಗೇಮ್ ಯಂತ್ರಕ್ಕೆ ಪ್ರತ್ಯೇಕ ಜಾಗವೇ ಇದೆ. ಅಂದರೆ ಅದು ಕಸವಾದಾಗ ಸರ್ಕಾರಕ್ಕೆ ಕಾಣುತ್ತದೆ, ಕಸವಾಗದಂತೆ ಉಳಿಸಿಕೊಳ್ಳುವವನು ಕಾಣುವುದಿಲ್ಲ. ಸತ್ತ ಮೇಲೆ ತಿಥಿಗೆ ಲೆಕ್ಕ ಇಡುವವರು ಬದುಕಿದ್ದಾಗ ಗಂಜಿ ಕೊಡಲಿಲ್ಲ ಅಂದಂತೆ.

ಇದು ಗೇಮ್ ಯಂತ್ರಕ್ಕೇ ನಿಲ್ಲುವುದಿಲ್ಲ ಅಂತ ಮೊದಲೇ ಹೇಳಿದೆ. ಅಮೆರಿಕದಲ್ಲಿ ರೈತರು ತಮ್ಮದೇ ಟ್ರ್ಯಾಕ್ಟರ್ ರಿಪೇರಿಗೆ ಕಂಪನಿಯ ತಂತ್ರಾಂಶಕ್ಕಾಗಿ ಕಾಯುವ ಸ್ಥಿತಿಗೆ ಬಂದರು. 2022ರ ಆಗಸ್ಟ್‌ನಲ್ಲಿ ಸಿಕ್ ಕೋಡ್ಸ್ ಅನ್ನುವ ಅಡ್ಡಹೆಸರಿನ ಸಂಶೋಧಕ ಜಾನ್ ಡೀರ್ ಟ್ರ್ಯಾಕ್ಟರಿನ ಪರದೆಯ ಬೀಗ ತೆಗೆದು, ಅದರಲ್ಲಿ ಡೂಮ್ ಎಂಬ ಹಳೇ ಗೇಮ್ ಓಡಿಸಿ ತೋರಿಸಿದ. ಗೇಮ್ ಯಂತ್ರದಲ್ಲಿ ಕಲಿತ ವಿದ್ಯೆ ಟ್ರ್ಯಾಕ್ಟರಿಗೂ ಬಂತು. ನಮ್ಮಲ್ಲಿ ಕಂತು ಕಟ್ಟುವುದು ತಡವಾದರೆ ಫೋನನ್ನೇ ಲಾಕ್ ಮಾಡುವ ಆ್ಯಪ್‌ಗಳು ಬಂದಾಗಿದೆ. ಲಾಕ್ ಆದ ಫೋನಿನಲ್ಲಿ ಏನಿರುತ್ತದೆ? ಬ್ಯಾಂಕಿನ ಒಟಿಪಿ, ಮಗಳ ಆನ್‌ಲೈನ್ ಪಾಠ, ಮಾರುಕಟ್ಟೆ ದರ.

ನಮ್ಮ ಹಳ್ಳಿಯಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟರೆ ಮೇಲೆತ್ತಿ ವೈಂಡಿಂಗ್ ಮಾಡಿಸುತ್ತೇವೆ. ಸ್ಟಾರ್ಟರ್ ಡಬ್ಬಿ ಬಿಚ್ಚಿ ಕಾಂಟ್ಯಾಕ್ಟ್ ಉಜ್ಜುತ್ತೇವೆ. ಯಾರಪ್ಪಣೆಯನ್ನೂ ಕೇಳುವುದಿಲ್ಲ. ಆ ಮೋಟಾರಿಗೆ ನಾಳೆ ಒಂದು ಚಿಪ್ ಬಂದು, "ಕಂಪನಿಯ ಮೇಸ್ತ್ರಿ ಬಿಟ್ಟು ಬೇರೆಯವರು ಮುಟ್ಟಿದರೆ ಓಡುವುದಿಲ್ಲ" ಅಂದರೆ? ಬೇಸಿಗೆಯಲ್ಲಿ ಅಡಿಕೆ ಗಿಡ ಆ ಮೇಸ್ತ್ರಿಗಾಗಿ ಕಾಯುತ್ತದೆಯೇ?

ಬೇಕಾದದ್ದು ಇಷ್ಟು

ಒಂದು, ರಿಪೇರಿ ಹಕ್ಕಿನ ಪಟ್ಟಿಗೆ ಗೇಮ್ ಯಂತ್ರಗಳೂ ಸೇರಲಿ. ಮಕ್ಕಳು ಮೊದಲು ಬಿಚ್ಚಿ ನೋಡಿ ಕಲಿಯುವುದು ಆಟದ ಸಾಮಾನನ್ನೇ.

ಎರಡು, ಕಂಪನಿ ಒಂದು ಯಂತ್ರದ ಅಂಗಡಿಯನ್ನೋ ಸರ್ವಿಸನ್ನೋ ಮುಚ್ಚಿದ ದಿನ ಅದರ ಬೀಗವನ್ನೂ ತಾನೇ ತೆಗೆದು ಕೊಡಬೇಕು ಅಂತ ಕಾನೂನಾಗಲಿ. ಹೋಗುವವನು ಕೀಲಿ ಕೊಟ್ಟು ಹೋಗಲಿ.

ಮೂರು, ಮಾರಿದ ಮೇಲೆ ಅಪ್‌ಡೇಟ್ ಹೆಸರಲ್ಲಿ ಸೌಲಭ್ಯ ಕಿತ್ತುಕೊಳ್ಳುವುದು, ದೂರದಿಂದಲೇ ಯಂತ್ರವನ್ನು ಕೊಲ್ಲುವುದು ಗ್ರಾಹಕನಿಗೆ ಮಾಡಿದ ಅನ್ಯಾಯ ಅಂತ ಸ್ಪಷ್ಟವಾಗಿ ಬರೆಯಲಿ.

ನಾಲ್ಕು, 65ಎ ಮತ್ತು 52ನೇ ಕಲಂ ಏನು ಹೇಳುತ್ತವೆ ಅನ್ನುವುದನ್ನು ಠಾಣೆಗಳಿಗೂ ರಿಪೇರಿ ಅಂಗಡಿಗಳಿಗೂ ಕನ್ನಡದಲ್ಲಿ ಮುಟ್ಟಿಸಲಿ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದೂ ಇದೆ. ರಶೀದಿ ಎಸೆಯಬೇಡಿ. ಡಿಸ್ಕ್ ಮಾರಬೇಡಿ, ನಿಮ್ಮ ಪ್ರತಿಗೆ ಅದೇ ಸಾಕ್ಷಿ. ಅಪ್‌ಡೇಟ್ ಒತ್ತುವ ಮೊದಲು ಅದು ಏನು ಕಿತ್ತುಕೊಳ್ಳುತ್ತದೆ ಅಂತ ಓದಿ. ಕಂಪನಿ ಮೋಸ ಮಾಡಿದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ವಸ್ತುವಿನ ದೂರಿಗೆ ಶುಲ್ಕವೇ ಇಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು.

ಹೊಳಲ್ಕೆರೆಯ ಒಬ್ಬ ಹುಡುಗ ಹಳೇ ಪಿಎಸ್‌ಪಿ ಬಿಚ್ಚಿ ಕೂತಿದ್ದರೆ ಅವನಿಗೆ ಕಳ್ಳ ಅನ್ನಬೇಡಿ. "ಏನೋ ಮಾಡ್ತಿದೀಯ, ನನಗೂ ತೋರ್ಸು" ಅನ್ನಿ. ಕದ್ದ ಆಟ ಇದ್ದರೆ ಕಿವಿ ಹಿಂಡಿ. ತನ್ನದನ್ನು ತಾನು ಸರಿಮಾಡಿಕೊಳ್ಳುತ್ತಿದ್ದರೆ ಒಂದು ಒಳ್ಳೆ ಸ್ಕ್ರೂಡ್ರೈವರ್ ಕೊಡಿಸಿ. ಬಾವಿ ನಮ್ಮದಾದರೆ ನೀರೂ ನಮ್ಮದೇ.